ಊಟ ಬೇಡವೆನ್ನುವ ಮಗುವೂ ಐದು ರೂಪಾಯಿ ಪ್ಯಾಕೆಟ್ಟೂ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಪೌಷ್ಟಿಕ ಆಹಾರ ಸಪ್ತಾಹದ ಸುದ್ದಿ ಬರೆಯುವುದು ನಮ್ಮ ಪಾಲಿನ ಕೆಲಸ. ವೇದಿಕೆ, ದೀಪ, ತರಕಾರಿಯಲ್ಲಿ ಬಿಡಿಸಿದ ರಂಗೋಲಿ, ಅಧಿಕಾರಿಗಳ ಭಾಷಣ. ಒಂದು ಫೋಟೊ, ಎರಡು ಕಾಲಂ ಸುದ್ದಿ. ಕಳೆದ ವರ್ಷ ಅಂಥದ್ದೇ ಒಂದು ಕಾರ್ಯಕ್ರಮ ಮುಗಿಸಿ ಬೈಕ್ ಹತ್ತುವಾಗ ನಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆ ಅಕ್ಕ ತಡೆದು ನಿಲ್ಲಿಸಿದರು. 'ಸರ್, ಸುದ್ದಿ ಆಮೇಲೆ ಬರೀರಿ. ಮೊದ್ಲು ನಿಮ್ಮ ಮಗಳ ಕಾರ್ಡ್ ನೋಡ್ರಿ' ಎಂದರು.

ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಹಸಿರು ಪಟ್ಟಿಯಲ್ಲಿದ್ದ ಚುಕ್ಕಿ ಮೂರು ತಿಂಗಳಲ್ಲಿ ಹಳದಿಗೆ ಇಳಿದಿತ್ತು. ಅಂದರೆ ವಯಸ್ಸಿಗೆ ತಕ್ಕ ತೂಕವಿಲ್ಲ. ಮಗಳಿಗೆ ಆಗ ಎರಡು ವರ್ಷ. ಅಪೌಷ್ಟಿಕತೆ ಎಂಬ ಪದವನ್ನು ಎಷ್ಟು ಸಲ ಬರೆದಿದ್ದೆವೋ ಲೆಕ್ಕವಿಲ್ಲ, ಅದು ನಮ್ಮ ಮನೆಯೊಳಗೇ ಕೂತಿದ್ದು ಮಾತ್ರ ಗೊತ್ತಾಗಿರಲಿಲ್ಲ.

ನಮ್ಮ ಮನೆಯಲ್ಲಿ ಬಡತನ ಹಾಸಿ ಹೊದೆಯುವಷ್ಟಿಲ್ಲ. ಒಬ್ಬರು ಸುದ್ದಿಗೆ ಇಷ್ಟೆಂದು ಎಣಿಸಿಕೊಂಡು ಸಂಬಳ ಪಡೆಯುವ ವರದಿಗಾರ, ಇನ್ನೊಬ್ಬರು ಅತಿಥಿ ಶಿಕ್ಷಕಿ. ಅಕ್ಕಿ, ರಾಗಿ, ಬೇಳೆಗೆ ಕೊರತೆಯಿಲ್ಲ. ಆದರೂ ಬಂದವರೆದುರು ನಾವು ಹೇಳುತ್ತಿದ್ದ ಮಾತು ಒಂದೇ: 'ಇವಳು ಊಟಾನೇ ಮಾಡಲ್ಲ, ಬಹಳ ಹಟ.'

ಅಕ್ಕ ಬೈದ ಮರುದಿನ ನಾವು ಒಂದು ಕೆಲಸ ಮಾಡಿದೆವು. ಮಗು ದಿನವಿಡೀ ಏನು ತಿಂದಿತು ಎಂದು ವರದಿಗಾರರ ನೋಟ್‌ಬುಕ್ಕಿನಲ್ಲೇ ಬರೆದೆವು. ಬೆಳಿಗ್ಗೆ 7ಕ್ಕೆ ಚಹಾದಲ್ಲಿ ಅದ್ದಿದ 4 ಬಿಸ್ಕತ್ತು. 9ಕ್ಕೆ ಬಾಟಲಿ ತುಂಬ ಹಾಲು. 11ಕ್ಕೆ ಗೂಡಂಗಡಿಯ ಐದು ರೂಪಾಯಿ ಕುರುಕಲು. 12ಕ್ಕೆ ಅತ್ತಳೆಂದು ಮತ್ತೆ ಹಾಲು. 1 ಗಂಟೆಗೆ ನಾವು ಉಣ್ಣುವ ಖಾರದ ಸಾರು ಕಲಸಿದ ಅನ್ನ, ಎರಡು ತುತ್ತಿಗೇ ಬಾಯಿ ಮುಚ್ಚಿದಳು. ರಾತ್ರಿ ಮೊಬೈಲ್ ಹಿಡಿದು ನಾಲ್ಕು ತುತ್ತು. ಬರೆದಿದ್ದನ್ನು ಓದಿದಾಗ ನಾಚಿಕೆಯಾಯಿತು. ಮಗು ಹಟ ಮಾಡುತ್ತಿರಲಿಲ್ಲ. ಅದಕ್ಕೆ ಹಸಿವಾಗಲು ನಾವೇ ಬಿಟ್ಟಿರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ 100ರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಇದು ಬರೀ ಬಡವರ ಕೇರಿಯ ಲೆಕ್ಕವಾದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಒಂದು ವರ್ಷ ದಾಟಿದ ಮೇಲೆ ಮಗುವಿನ ಬೆಳವಣಿಗೆಯ ವೇಗ ಇಳಿಯುತ್ತದೆ, ಅದರ ಜೊತೆ ಹಸಿವೂ ಇಳಿಯುತ್ತದೆ. ಎರಡರ ಆಸುಪಾಸಿನಲ್ಲಿ ಹೊಸ ತಿನಿಸು ಕಂಡರೆ ಹಿಂಜರಿಯುವುದೂ ಸಹಜ. ಒಂದು ತರಕಾರಿಯನ್ನು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗಿಡುವ ಮಕ್ಕಳಿದ್ದಾರೆ. ನಾವು ಎರಡನೇ ಸಲಕ್ಕೇ 'ಇದು ಅವಳಿಗೆ ಸೇರಲ್ಲ' ಎಂದು ಷರಾ ಬರೆದುಬಿಡುತ್ತೇವೆ. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ದೊಡ್ಡವರ ಜವಾಬ್ದಾರಿ. ಎಷ್ಟು ತಿನ್ನಬೇಕು ಎಂಬುದು ಮಗುವಿನ ಹೊಟ್ಟೆಗೆ ಬಿಟ್ಟಿದ್ದು. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ: ಏನು ಬೇಕೆಂದು ಅಂಗಡಿಯೆದುರು ಮಗು ಹೇಳುತ್ತದೆ, ಎಷ್ಟು ತಿನ್ನಬೇಕೆಂದು ನಾವು ಮೂಗು ಹಿಡಿದು ತುರುಕುತ್ತೇವೆ.

ಹಾಗಾದರೆ ಮಾಡುವುದೇನು? ಬೆಳಿಗ್ಗೆ 8ಕ್ಕೆ ಮನೆ ಬಿಡುವವರಿಗೆ ಮಗುವಿಗೆಂದೇ ಬೇರೆ ಅಡುಗೆ ಮಾಡುವ ಪುರಸೊತ್ತಿಲ್ಲ. ಮಾಡಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇವೆ.

ಒಂದು, ಬೇಳೆ ಬೆಂದ ಮೇಲೆ ಖಾರ ಹಾಕುವ ಮುಂಚೆ ಮಗುವಿಗೆಂದು ಒಂದು ಸೌಟು ತೆಗೆದಿಡುವುದು. ಅದೇ ಕುಕ್ಕರಿನಲ್ಲಿ ಬೆಂದ ಕುಂಬಳಕಾಯಿ ಅಥವಾ ಗಜ್ಜರಿ ಹೋಳು, ಬಿಸಿ ಅನ್ನ, ಒಂದು ಚಮಚ ತುಪ್ಪ ಹಾಕಿ ಕಿವುಚಿದರೆ ಊಟ ತಯಾರು. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಬೇಳೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಚಹಾ ಇದಕ್ಕೆ ತದ್ವಿರುದ್ಧ. ಮಗುವಿಗೆ ಚಹಾ ಬೇಡವೇ ಬೇಡ.

ಎರಡು, ರಾಗಿ ದೋಸೆ. ರಾಗಿ ಹಿಟ್ಟು, ಮೊಸರು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ತಿನ್ನುವವರಾದರೆ ಒಂದು ಮೊಟ್ಟೆ. ಹತ್ತು ನಿಮಿಷದ ಕೆಲಸ. ಮಗುವಿನ ಅಂಗೈಯಷ್ಟೇ ಅಗಲಕ್ಕೆ ಹುಯ್ದರೆ ತಾನೇ ಹಿಡಿದು ತಿನ್ನುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನದ ಮನೆಯಲ್ಲಿ ಮೊಳಕೆ ಹೆಸರುಕಾಳು ರುಬ್ಬಿ ಸೇರಿಸಿ.

ಮೂರು, ಶೇಂಗಾ ಪುಟಾಣಿ ಪುಡಿ. ನಮ್ಮ ಚಿತ್ರದುರ್ಗ ಜಿಲ್ಲೆ ಶೇಂಗಾ ಬೆಳೆಯುವ ಸೀಮೆ, ಚಳ್ಳಕೆರೆಗೆ ಎಣ್ಣೆ ನಗರ ಎಂದೇ ಹೆಸರು. ಆದರೂ ನಮ್ಮ ಮಕ್ಕಳು ಪ್ಯಾಕೆಟ್ಟಿನ ತಾಳೆಎಣ್ಣೆ ಕುರುಕಲು ತಿನ್ನುತ್ತವೆ. ಹುರಿದ ಶೇಂಗಾ, ಪುಟಾಣಿ, ಚೂರು ಬೆಲ್ಲ ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿಟ್ಟರೆ ಒಂದು ವಾರ ಚಿಂತೆಯಿಲ್ಲ. ಕಿವುಚಿದ ಬಾಳೆಹಣ್ಣಿಗೋ ಮೊಸರಿಗೋ ಎರಡು ಚಮಚ ಕಲಸಿದರೆ ಸಂಜೆಯ ತಿಂಡಿಯಾಯಿತು. ಇಡೀ ಶೇಂಗಾ ಕಾಳನ್ನು ಮಾತ್ರ ಐದು ವರ್ಷದವರೆಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಾಲ್ಕು, ಮೊಸರನ್ನಕ್ಕೆ ತುರಿದ ಸೌತೆಕಾಯಿ, ಪಕ್ಕದಲ್ಲಿ ಒಂದು ತುಂಡು ಪಪ್ಪಾಯಿ. ರಾತ್ರಿ ತಡವಾದ ದಿನಕ್ಕೆ ಇದಕ್ಕಿಂತ ಸಲೀಸಾದದ್ದಿಲ್ಲ.

ಇದಿಷ್ಟಕ್ಕೂ ಮುಂಚೆ ಬಿಡಿಸಬೇಕಾದದ್ದು ನಡುನಡುವಿನ ಬಿಸ್ಕತ್ತು, ಹಾಲಿನ ಬಾಟಲಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗುವಿಗೆ ಊಟಕ್ಕೆ ಜಾಗವಿರುವುದಿಲ್ಲ, ರಕ್ತಹೀನತೆಗೂ ಅದು ದಾರಿ. ನಾವು ಹಾಲನ್ನು ಲೋಟಕ್ಕೆ ಬದಲಾಯಿಸಿ ಊಟವಾದ ಮೇಲೆ ಕೊಡತೊಡಗಿದೆವು. ಮೊದಲ ನಾಲ್ಕು ದಿನ ಮನೆಯಲ್ಲಿ ರಂಪ. ಅಜ್ಜಿ ನಮ್ಮ ಮೇಲೆ ಮುನಿಸಿಕೊಂಡರು. ಐದನೇ ದಿನ ಮಗಳು ತಾನೇ ತಟ್ಟೆ ಎಳೆದುಕೊಂಡಳು. ಹಸಿವು ರುಚಿ ಅರಿಯದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ಇದೂ ಸಪ್ತಾಹದ ಭಾಷಣವೇ ಆದೀತು. ಏಕೆಂದರೆ ಈ ನಾಲ್ಕು ಉಪಾಯ ನಡೆಯುವುದು ಒಲೆಯ ಹತ್ತಿರ ಯಾರಾದರೂ ಇರುವ ಮನೆಯಲ್ಲಿ. ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಹಳ್ಳಿಗಳ ತಾಯಂದಿರು ಬೆಳಿಗ್ಗೆ ಆರಕ್ಕೇ ಟಾಟಾ ಏಸ್ ಹತ್ತುತ್ತಾರೆ. ಒಂದೂವರೆ ವರ್ಷದ ಕೂಸು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ, ಅಕ್ಕನ ಕೈಯಲ್ಲಿ ಹತ್ತು ರೂಪಾಯಿ. ಆ ಹತ್ತು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 'ತಾಯಂದಿರಿಗೆ ಅರಿವು ಮೂಡಬೇಕು' ಎಂದು ನಾವು ಸುದ್ದಿಯಲ್ಲಿ ಬರೆಯುವುದು ಅವರ ಬಗ್ಗೆಯೇ. ಅವರಿಗೆ ಬೇಕಿರುವುದು ಅರಿವಲ್ಲ, ಹಗಲಿನಲ್ಲಿ ಕೂಸನ್ನು ನೋಡಿಕೊಂಡು ಮೂರು ಹೊತ್ತು ಉಣಿಸುವ ಒಂದು ಕೈ.

ಅಂಗನವಾಡಿಯಲ್ಲಿ ಬಿಸಿಯೂಟ ಸಿಗುವುದು ಮೂರು ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಹಿಟ್ಟಿನ ಪೊಟ್ಟಣ ಮನೆಗೆ ಬರುತ್ತದೆ. ಅದನ್ನು ಎಮ್ಮೆಗೆ ಕಲಸಿದ್ದನ್ನೂ ನಾವು ನೋಡಿದ್ದೇವೆ, ಮನೆಮಂದಿಯೆಲ್ಲ ಹಂಚಿಕೊಂಡು ತಿಂದದ್ದನ್ನೂ ನೋಡಿದ್ದೇವೆ. ಬೆಳವಣಿಗೆ ಕೈತಪ್ಪುವುದು ಈ ಮೂರು ವರ್ಷದೊಳಗೇ. ಉದ್ಯೋಗ ಖಾತ್ರಿ ಕೂಲಿಯ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ಘೋಷಿಸಿದ 'ಕೂಸಿನ ಮನೆ' ಸರಿಯಾದ ಯೋಚನೆ. ಅದು ಎಲ್ಲ ಕೂಲಿ ತಾಯಂದಿರ ಕೂಸುಗಳಿಗೂ ಬಾಗಿಲು ತೆರೆಯಬೇಕು, ಸುಗ್ಗಿಯ ಕಾಲದಲ್ಲಿ ಬೆಳಿಗ್ಗೆ ಆರಕ್ಕೇ ತೆರೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ಪತ್ರಕರ್ತ ಗೆಳೆಯರಿಗೂ ಒಂದು ಮಾತು. ಸಪ್ತಾಹದ ವೇದಿಕೆಗೆ ಹೋಗುವ ಬದಲು ಸಾಮಾನ್ಯ ದಿನವೊಂದರಲ್ಲಿ 11 ಗಂಟೆಗೆ ಅಂಗನವಾಡಿಗೆ ಹೋಗೋಣ. ತೂಕದ ಯಂತ್ರ ಕೆಲಸ ಮಾಡುತ್ತಿದೆಯೇ, ಮೊಟ್ಟೆ ಎಂದು ಬಂತು, ಕಾರ್ಡಿನಲ್ಲಿ ಹಳದಿ ಚುಕ್ಕಿ ಎಷ್ಟು ಎಂದು ಕೇಳೋಣ. ಎರಡು ಮೂರು ತಿಂಗಳು ತೂಕ ಏರದ ಮಗುವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಲು ಮನೆಯವರಿಗೆ ಹೇಳೋಣ. ತೀರಾ ಸೊರಗಿದ ಮಕ್ಕಳನ್ನು ದಾಖಲಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರ ಜಿಲ್ಲಾಸ್ಪತ್ರೆಯಲ್ಲಿ ಇರುತ್ತದೆ ಎಂಬುದು ಎಷ್ಟೋ ಹಳ್ಳಿಗಳಿಗೆ ತಿಳಿದೇ ಇಲ್ಲ.

ನಮ್ಮ ಮಗಳ ಚುಕ್ಕಿ ನಾಲ್ಕು ತಿಂಗಳಲ್ಲಿ ಹಸಿರಿನ ಅಂಚಿಗೆ ಬಂತು. ಬದನೆಕಾಯಿ ಈಗಲೂ ಉಗಿಯುತ್ತಾಳೆ, ಅದಕ್ಕೆ ನಾವೀಗ ಜಗಳವಾಡುವುದಿಲ್ಲ. ಕಾರ್ಡ್ ತೋರಿಸಿದಾಗ ಅಕ್ಕ ನಕ್ಕರು. ಆಮೇಲೆ ಪಕ್ಕದ ಕೇಂದ್ರದ ಮಾತೆತ್ತಿದರು: 'ಅಲ್ಲಿ ತೂಕದ ಯಂತ್ರ ಕೆಟ್ಟು ಎರಡು ತಿಂಗಳಾಯ್ತು ಸರ್. ಮಕ್ಕಳ ತೂಕಾನೇ ಆಗಿಲ್ಲ. ಅದನ್ನ ಬರೀರಿ.' ನಾಳೆ ಅಲ್ಲಿಗೆ ಹೊರಟಿದ್ದೇವೆ.