ಕಂಡರಿಯುವ ಪಾಠ

‘ಸಾಂದ್ರೀಕರಣವೆಂದರೇನು?’ ಎಂದು ಕೇಳಿದೊಡನೆ, ‘ಅನಿಲರೂಪದ ವಸ್ತು ತಂಪಾಗಿ ದ್ರವರೂಪಕ್ಕೆ ಬರುವ ಕ್ರಿಯೆ’ ಎಂದು ಪ್ರಾಥಮಿಕ ಶಾಲೆಯ ಬಾಲಕನು ತಡವರಿಸದೆ ಒಪ್ಪಿಸುತ್ತಾನೆ. ಇಡ್ಲಿಪಾತ್ರೆಯ ಮುಚ್ಚಳದ ಒಳಮೈಗೆ ನೀರು ಹೇಗೆ ಬಂದಿತೆಂದು ಕೇಳಿದರೆ ಅವನೇ ಮೌನಿಯಾಗುತ್ತಾನೆ. ಶಬ್ದವು ಬಾಯಿಗೆ ಬಂದಿದೆ, ಅರ್ಥವು ಅನುಭವಕ್ಕೆ ಬಂದಿಲ್ಲ. ಭಾಷಾಬೋಧಕನಾದವನಿಗೂ ಇದು ಚಿಂತೆಯ ವಿಷಯವೇ.

ಪರಿಹಾರವು ದುಬಾರಿಯಾದುದಲ್ಲ. ಎರಡು ಸ್ಟೀಲ್ ತಂಬಿಗೆಗಳ ಹೊರಮೈಯನ್ನು ಚೆನ್ನಾಗಿ ಒರೆಸಿ, ಒಂದಕ್ಕೆ ಸಾಧಾರಣ ನೀರನ್ನೂ ಇನ್ನೊಂದಕ್ಕೆ ಮಂಜುಗಡ್ಡೆ ಬೆರೆಸಿದ ನೀರನ್ನೂ ತುಂಬಬೇಕು. ಸ್ವಲ್ಪ ಹೊತ್ತಿನಲ್ಲಿ ಎರಡನೆಯದು ಬೆವರುತ್ತದೆ. ‘ನೀರು ಒಳಗಿನಿಂದ ಜಿನುಗಿತು’ ಎಂದು ಮಕ್ಕಳು ಹೇಳಬಹುದು. ಮಣ್ಣಿನ ಹೂಜಿಯನ್ನು ಕಂಡವರಿಗೆ ಅದು ಸಹಜವಾದ ತರ್ಕ. ಅದನ್ನು ಗದರಿಸಿ ಅಡಗಿಸಬಾರದು. ಒಳಗಿನ ನೀರಿಗೆ ಶಾಯಿ ಬೆರೆಸಿ, ಹೊರಗಿನ ಹನಿಗಳನ್ನು ಬಿಳಿಯ ಅರಿವೆಯಿಂದ ಒರೆಸಲು ಮಕ್ಕಳಿಗೇ ಹೇಳಬೇಕು. ಅರಿವೆಗೆ ಬಣ್ಣ ಹತ್ತದು. ಹಾಗಾದರೆ ನೀರು ಎಲ್ಲಿಂದ ಬಂದಿತು? ಈ ಪ್ರಶ್ನೆ ಮಗುವಿನಲ್ಲಿಯೇ ಹುಟ್ಟಿದಾಗ ಪಾಠವು ಅರ್ಧ ಮುಗಿದಂತೆ.

30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲುದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ತಂಪಾದ ತಂಬಿಗೆಯ ಬಳಿ ಗಾಳಿಯಲ್ಲಿ ನಿಲ್ಲಲಾರದ ಆವಿಯು ಹನಿಗೂಡುತ್ತದೆ. ‘ಸಾಂದ್ರ’ವೆಂದರೆ ದಟ್ಟವಾದುದು, ಹರಡಿದ್ದ ಆವಿ ದಟ್ಟವಾಗಿ ನೀರಾಯಿತು. ಹೆಸರನ್ನು ಈಗ ಹೇಳಿದರೆ, ನೀರು ಹೆಪ್ಪುಗಟ್ಟುವ ‘ಘನೀಕರಣ’ದೊಡನೆ ಅದನ್ನು ಮಗು ಬೆರೆಸದು.

ಪ್ರಯೋಗಕ್ಕೆ ತೊಡಗಿದರೆ ಪಾಠಭಾಗ ಮುಗಿಯದೆಂಬ ಆಕ್ಷೇಪವುಂಟು. ಆದರೆ ಈ ಒಂದು ಪಾಠದಿಂದಲೇ ಇಬ್ಬನಿ, ಮಂಜು, ಮೋಡಗಳ ಬಾಗಿಲೂ ತೆರೆಯುತ್ತದೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಉಣ್ಣೆಯ ತುಣುಕುಗಳನ್ನು ರಾತ್ರಿ ಬಯಲಿನಲ್ಲಿರಿಸಿ ತೂಗಿ ನೋಡಿಯೇ 1814ರಲ್ಲಿ ಇಬ್ಬನಿಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಶಾಸ್ತ್ರಕ್ಕೆ ಸಾಕಾದ ಸಾಧನ ಶಾಲೆಗೂ ಸಾಕು.

ಎರಡು ಎಚ್ಚರಿಕೆಗಳು ಅವಶ್ಯ. ಬಯಲುಸೀಮೆಯ ಬೇಸಿಗೆಯ ಒಣಗಾಳಿಯಲ್ಲಿ ಹನಿಗಳು ತಡವಾಗಿ, ವಿರಳವಾಗಿ ಮೂಡುವುದರಿಂದ ಈ ಪಾಠವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಮೇಲು. ಕುದಿಯುವ ನೀರಿನ ಆವಿಯು ನೀರಾಗುವಾಗ ಗುಪ್ತೋಷ್ಣವನ್ನು ಬಿಟ್ಟು ತೀವ್ರವಾಗಿ ಸುಡುವುದರಿಂದ, ಆ ಪ್ರಯೋಗವನ್ನು ಉಪಾಧ್ಯಾಯರೇ ಮಾಡಿ ತೋರಿಸತಕ್ಕದ್ದು.

ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ದಾನಿ ಮಹಾಶಯರಲ್ಲಿ ಒಂದು ವಿಜ್ಞಾಪನೆ: ಪ್ರತಿಯೊಂದು ತರಗತಿಗೂ ನಾಲ್ಕು ತಂಬಿಗೆ, ಒಂದು ಉಷ್ಣಮಾಪಕ, ಒಂದು ತಕ್ಕಡಿಯುಳ್ಳ ಪೆಟ್ಟಿಗೆಯೂ ದೊರೆಯಲಿ. ಅಧ್ಯಾಪಕ ಬಂಧುಗಳು ಆ ಪೆಟ್ಟಿಗೆಯ ಬೀಗದ ಕೈಯನ್ನು ಮಕ್ಕಳ ಕೈಗೆಟುಕುವಲ್ಲಿ ಇಡಲಿ.