ಹೊಳೆಯ ಬೇಟೆಗಾರ ಎಲ್ಲಿ ಹೋದ?

ಮಕ್ಕಳೇ, ಸೊಳ್ಳೆ ಕಾಟ ಹೆಚ್ಚಾದರೆ ನಾವೆಲ್ಲ ಕೇಳೋದು ಒಂದೇ: “ಹೊಗೆ ಯಾವಾಗ ಹೊಡೀತಾರೆ?” ಸೊಳ್ಳೆ ಮರಿಗಳನ್ನು ನೀರಲ್ಲೇ ತಿನ್ನುವ ಜೀವಿಗಳು ಎಲ್ಲಿ ಹೋದವು ಅಂತ ಯಾರೂ ಕೇಳಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಅನ್ನೋದು ನನ್ನ ಅಭಿಪ್ರಾಯ.

ಏರೋಪ್ಲೇನ್ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮ ತಮಿಳು ಗೆಳೆಯರು ಅದನ್ನೇ ತಟ್ಟಾನ್ ಅಂತಾರೆ. ಅದರ ಮರಿ ಬೆಳೆಯುವುದು ನೀರಿನಲ್ಲಿ. ಕೆಸರಿನ ಬಣ್ಣದ ಮೈ. ಕಳೆಯ ನಡುವೆ ಅಲ್ಲಾಡದೆ ಕೂತಿರುತ್ತದೆ. ಅದರ ಕೆಳತುಟಿ ಮಡಚಿದ ಕೈಯ ಹಾಗೆ ತಲೆಯ ಅಡಿಯಲ್ಲಿರುತ್ತದೆ, ತುದಿಯಲ್ಲಿ ಕೊಂಡಿಗಳಿವೆ. ಸೊಳ್ಳೆ ಮರಿ ಹತ್ತಿರ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತುಟಿ ಮುಂದಕ್ಕೆ ಚಿಮ್ಮಿ ಅದನ್ನು ಹಿಡಿಯುತ್ತದೆ. ಗೊದಮೊಟ್ಟೆ, ಸಣ್ಣ ಮೀನು, ಕೆಲವೊಮ್ಮೆ ತನ್ನದೇ ಜಾತಿಯ ಚಿಕ್ಕ ಮರಿಯನ್ನೂ ಬಿಡಲ್ಲ!

ಈಗ ಇಬ್ಬರ ಉಸಿರಾಟ ಹೋಲಿಸಿ ನೋಡಿ. ಈ ಬೇಟೆಗಾರನ ಕಿವಿರು ಇರುವುದು ಗುದನಾಳದ ಒಳಗೆ. ಹಿಂದಿನಿಂದ ನೀರೆಳೆದುಕೊಂಡು, ಅದರಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಕ್ಯುಲೆಕ್ಸ್ ಸೊಳ್ಳೆಯ ಮರಿಯೋ, ಬಾಲದ ಕೊಳವೆಯನ್ನು ನೀರಿನ ಮೇಲಿಟ್ಟು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ಚರಂಡಿ ನೀರು ಸೇರಿದಾಗ ಕೊಳೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಗ ಬೇಟೆಗಾರ ಉಸಿರುಗಟ್ಟಿ ಸಾಯುತ್ತಾನೆ, ಸೊಳ್ಳೆ ಮರಿ ಹಾಯಾಗಿ ಬೆಳೆಯುತ್ತದೆ.

ನಮ್ಮ ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಅಂಚಿನ ಕೊಳಚೆ ಹೊತ್ತು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿ ನೊರೆ ಎದ್ದಾಗ ಎಲ್ಲರೂ ಫೋಟೋ ತೆಗೀತಾರೆ. “ಅದು ಬೆಂಗಳೂರಿನವರ ತಪ್ಪು, ನಾವೇನು ಮಾಡೋಣ?” ಅನ್ನುವವರೂ ಇದ್ದಾರೆ. ಅರ್ಧ ಸತ್ಯ. ಕೊಳಚೆಯನ್ನು ಶುದ್ಧೀಕರಿಸದೆ ಹೊಳೆಗೆ ಬಿಡಬಾರದು, ಅದನ್ನು ಎರಡೂ ರಾಜ್ಯಗಳು ನೋಡಿಕೊಳ್ಳಬೇಕು. ಆದರೆ ನಮ್ಮೂರ ಚರಂಡಿ ನಮ್ಮೂರ ಕೆರೆಗೇ ಹೋಗುತ್ತಿದ್ದರೆ ಯಾರನ್ನು ಬೈಯೋಣ?

ಬೇಟೆಗಾರನೊಬ್ಬನಿಂದಲೇ ಸೊಳ್ಳೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಮನೆಯ ತೊಟ್ಟಿ, ಡ್ರಮ್ಮು ಮುಚ್ಚಲೇಬೇಕು. ಆದರೆ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನೊಳಗಿನ ಮರಿಯನ್ನು ಮುಟ್ಟುವುದಿಲ್ಲ.

ಒಂದು ಕೆಲಸ ಮಾಡಿ. ನಿಮ್ಮ ಮೇಷ್ಟ್ರು ಅಥವಾ ಟೀಚರ್ ಜೊತೆ ಊರ ಕೆರೆಗೆ ಹೋಗಿ. ದಡದ ಕಳೆಯಲ್ಲಿ ಟೀ ಜರಡಿ ಆಡಿಸಿ, ಸಿಕ್ಕಿದ್ದನ್ನು ನೀರು ಹಾಕಿದ ಬಿಳಿ ತಟ್ಟೆಗೆ ಬಿಡಿ. ಯಾರ್ಯಾರು ಸಿಕ್ಕರು ಅಂತ ಬರೆದುಕೊಂಡು, ಎಲ್ಲರನ್ನೂ ವಾಪಸ್ ನೀರಿಗೇ ಬಿಡಿ. ನೊರೆ ನೀರಿಗೆ ಮಾತ್ರ ಇಳಿಯಬೇಡಿ. ತಟ್ಟೆಯಲ್ಲಿ ಸೊಳ್ಳೆ ಮರಿ ಮಾತ್ರ ಇದ್ದು ಬೇಟೆಗಾರ ಒಬ್ಬನೂ ಇಲ್ಲದಿದ್ದರೆ, ಆ ಕೆರೆಗೆ ಏನು ಸೇರುತ್ತಿದೆ ಅಂತ ಊರಿನ ದೊಡ್ಡವರನ್ನು ಕೇಳಿ. ಕೇಳೋ ಹಕ್ಕು ನಿಮಗೂ ಇದೆ.