ಶಾಲಾ ಪ್ರವಾಸ ಯಾರ ಮಕ್ಕಳಿಗೆ?

ದಸರಾ ರಜೆ ಮುಗಿಯುತ್ತಲೇ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ತಾಲ್ಲೂಕಿಗೆ ಹೋದರೂ ಕ್ರಮ ಒಂದೇ. ಇಷ್ಟು ದಿನದೊಳಗೆ ಇಷ್ಟು ಹಣ ಕಟ್ಟಬೇಕೆಂದು ತರಗತಿಯಲ್ಲಿ ಹೇಳುತ್ತಾರೆ. ಕಟ್ಟಿದವರ ಹೆಸರು ಪಟ್ಟಿಗೆ ಸೇರುತ್ತದೆ. ಕಟ್ಟಲಾಗದವರು ಆ ದಿನಗಳಲ್ಲಿ ಮನೆಯಲ್ಲಿರುತ್ತಾರೆ, ಇಲ್ಲವೇ ಅಪ್ಪ ಅವ್ವನ ಜೊತೆ ಕೂಲಿಗೆ ಹೋಗುತ್ತಾರೆ. ಅಡಿಕೆ ಸುಲಿಯುವವಳ ಮಗಳು, ಹಮಾಲನ ಮಗ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನ ಮಕ್ಕಳು ಯಾವ ಗುಂಪಿನಲ್ಲಿರುತ್ತಾರೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಸಂತೆಯಲ್ಲಿ ಅಂಗಡಿ ಹಚ್ಚುವ ಸಣ್ಣ ವ್ಯಾಪಾರಿ ಸಹ ಮಗನನ್ನು ಕಳಿಸಿ ಮಗಳಿಗೆ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಾನೆ.

ಇದಕ್ಕೆ ಶೈಕ್ಷಣಿಕ ಪ್ರವಾಸವೆಂದು ಹೆಸರು! ದುಡ್ಡು ತಂದವರು ಮಾತ್ರ ಲೆಕ್ಕದ ಪಾಠಕ್ಕೆ ಕೂರಿ ಎಂದು ಯಾವ ಉಪಾಧ್ಯಾಯರಾದರೂ ಹೇಳುತ್ತಾರೆಯೇ? ಸರ್ಕಾರ ‘ಕರ್ನಾಟಕ ದರ್ಶನ’ ಎಂಬ ಹೆಸರಿನಲ್ಲಿ ಆಯ್ದ ವಿದ್ಯಾರ್ಥಿಗಳನ್ನು ಉಚಿತವಾಗಿ ಕರೆದೊಯ್ದದ್ದುಂಟು. ಒಳ್ಳೆಯದೇ. ಆದರೆ ಆಯ್ದವರೆಂದ ಮೇಲೆ ಉಳಿದವರೂ ಇರುತ್ತಾರೆ.

ಹೋದವರಾದರೂ ಏನು ಕಂಡರು? ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಮೈಸೂರು, ಅರಮನೆಯಲ್ಲಿ ನೂಕುನುಗ್ಗಲು, ಸಂಜೆ ಬೃಂದಾವನ. ಹೊನ್ನಾಳಿಯ ಹುಡುಗ ಅಲ್ಲಿ ಸಿಂಹಾಸನದ ವೈಭವದ ಕಥೆ ಕೇಳಿ ಬರುತ್ತಾನೆ. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಭಾರ ತಾಳಲಾರದೆ ಕೂಟ ಕಟ್ಟಿ ದಂಗೆಯೆದ್ದರು. ಹೊನ್ನಾಳಿಯೂ ಆ ದಂಗೆಯ ಕಾಳಗ ಕಂಡ ನೆಲ. ಅದೇ ಕಾರಣವನ್ನು ಮುಂದೆ ಮಾಡಿ ಕಂಪನಿ ಸರ್ಕಾರ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿತು. ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದದ್ದು 1881ರಲ್ಲಿ. ತನ್ನ ಕಡೆಯ ರೈತರು ಏಟು ತಿಂದು, ಗಲ್ಲಿಗೇರಿ, ಆ ಸಿಂಹಾಸನವನ್ನೇ ಅಲುಗಾಡಿಸಿದ್ದರೆಂದು ಹುಡುಗನಿಗೆ ಹೇಳಿದವರು ಯಾರು? ಅವನು ದೀಪದ ಸಾಲು ನೋಡಿ, ಐಸ್‌ಕ್ರೀಮ್ ತಿಂದು ಬಂದ.

ದೂರದ ಊರು ನೋಡಬಾರದೆಂದು ನಾವು ಹೇಳುತ್ತಿಲ್ಲ. ಮೊದಲು ಹತ್ತಿರದ್ದನ್ನು, ಎಲ್ಲರನ್ನೂ ಕರೆದುಕೊಂಡು ಹೋಗಿ ನೋಡಿ ಎನ್ನುತ್ತೇವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಜಗಳೂರು ಚಿತ್ರದುರ್ಗಕ್ಕೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಆ ಎರಡು ಊರುಗಳಲ್ಲೂ ರಾಜ್ಯ ಸರ್ಕಾರದ ಮ್ಯೂಸಿಯಂಗಳಿವೆ. ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯ ಅಂಗಳದ ವೀರಗಲ್ಲುಗಳ ಮುಂದೆ ಮಕ್ಕಳನ್ನು ಕೂರಿಸಿ. ದನ ಹಿಡಿಯಲು ಬಂದವರ ಜೊತೆ ಹೋರಾಡಿ ಸತ್ತ ಹಳ್ಳಿಯವನಿಗೂ ಕಲ್ಲು ನಿಲ್ಲಿಸುವ ವಾಡಿಕೆ ಈ ನಾಡಿನಲ್ಲಿತ್ತು ಎಂದು ತಿಳಿಯಲಿ. ಚಿತ್ರದುರ್ಗಕ್ಕೆ ಹೋದವರು ಪಕ್ಕದ ಚಂದ್ರವಳ್ಳಿಯನ್ನೂ ನೋಡಲಿ. ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಕಡಲಾಚೆಯ ದುಡ್ಡು ಈ ಗುಡ್ಡಗಳ ನಡುವೆ ಯಾರ ಕೈಯಿಂದ ಯಾರ ಕೈಗೆ ಬಂತು, ಪ್ರತಿಯಾಗಿ ಇಲ್ಲಿಂದ ಏನು ಹೋಯಿತು? ಕಿರಾಣಿ ಅಂಗಡಿಯವನ ಮಗಳಿಗೆ ಈ ಪ್ರಶ್ನೆ ಹಾಕಿ ನೋಡಿ, ರಾಜರ ವಂಶಾವಳಿಗಿಂತ ಬೇಗ ತಲೆಗೆ ಹತ್ತುತ್ತದೆ.

ಖರ್ಚಿನ ಮಾತು ಬರುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲ. ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ ಅರ್ಧ ತರಗತಿಯ ಖರ್ಚು ಅಲ್ಲಿಗೇ ತೀರಿತು. ಗಂಡುಹುಡುಗರ ಟಿಕೇಟನ್ನು ಗ್ರಾಮ ಪಂಚಾಯತಿಯೋ, ಶಾಲಾಭಿವೃದ್ಧಿ ಸಮಿತಿಯೋ ಕೊಡಲಿ. ಬಿಸಿಯೂಟದ ಅನ್ನವನ್ನು ಚಿತ್ರಾನ್ನ ಮಾಡಿ ಬುತ್ತಿ ಕಟ್ಟಿದರಾಯಿತು. ಒಂದು ಬಸ್ಸಿಗೆ ಎಲ್ಲರೂ ಹಿಡಿಯದಿದ್ದರೆ ಎರಡು ದಿನ ಮಾಡಿ.

ಹೋಗುವ ಮುಂಚೆ ಒಬ್ಬ ಉಪಾಧ್ಯಾಯರು ಒಬ್ಬರೇ ಹೋಗಿ ನೋಡಿಕೊಂಡು ಬರಬೇಕು. ಬಾಗಿಲು ತೆರೆಯುವುದು ಯಾವಾಗ, ರಜೆ ಯಾವತ್ತು, ನೀರು ಎಲ್ಲಿದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ? ಸೋಮವಾರ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ರಜೆ ಎಂದು ವಿಚಾರಿಸದೆ ಹೊರಟವರು ಬೀಗ ನೋಡಿಯೇ ತಿರುಗಬೇಕಾಗುತ್ತದೆ. ಇಡೀ ಮ್ಯೂಸಿಯಂ ತೋರಿಸುವ ಹಟವೂ ಬೇಡ. ಮೂರು ವಸ್ತು ಸಾಕು.

ಇನ್ನು ಮ್ಯೂಸಿಯಂನವರ ಕೆಲಸ. ಅಂತರರಾಷ್ಟ್ರೀಯ ಮ್ಯೂಸಿಯಂ ದಿನ ಮೇ 18, ವಿಶ್ವ ಪರಂಪರೆಯ ದಿನ ಏಪ್ರಿಲ್ 18. ಎರಡೂ ನಮ್ಮ ಬೇಸಿಗೆ ರಜೆಯಲ್ಲಿ ಬರುತ್ತವೆ. ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡಿದರೆ ಯಾರಿಗೆ ಲಾಭ? ನವೆಂಬರ್ 19ರಿಂದ 25ರವರೆಗೆ ಪರಂಪರೆಯ ಸಪ್ತಾಹವಿದೆ; ಆಗ ಶಾಲೆಗಳು ತೆರೆದಿರುತ್ತವೆ. ಆ ವಾರ ಮ್ಯೂಸಿಯಂನವರೇ ತಾಲ್ಲೂಕಿಗೆ ಬರಲಿ. 1951ರಲ್ಲಿ ಕಾಗೋಡಿನ ಗೇಣಿದಾರರನ್ನು ಸತ್ಯಾಗ್ರಹಕ್ಕೆ ಎಬ್ಬಿಸಿದ್ದು ಭತ್ತ ಅಳೆಯುವ ಕೊಳಗದ ಅನ್ಯಾಯ. ಅಂಥದ್ದೊಂದು ಕೊಳಗ ತಂದಿಟ್ಟು ಮಕ್ಕಳ ಕೈಯಲ್ಲೇ ಅಳೆಸಲಿ. ಮುಚ್ಚಿಹೋದ ನಮ್ಮ ದಾವಣಗೆರೆಯ ಮಿಲ್ಲುಗಳಲ್ಲಿ ಮಗ್ಗ ನಡೆಸಿದ ಹಿರಿಯರನ್ನು ಕೂರಿಸಿ ಮಾತಾಡಿಸಲಿ.

ಎಲ್ಲಕ್ಕಿಂತ ಅಗ್ಗದ್ದು ಶಾಸನದ ಪಡಿಯಚ್ಚು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ ಏಳುತ್ತವೆ. ಬಿ. ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೇ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಯ ಶಾಸನಗಳನ್ನೂ, 11ನೆಯದರಲ್ಲಿ ಜಗಳೂರಿನವನ್ನೂ ಅಚ್ಚು ಹಾಕಿಸಿದ್ದಾರೆ. ಆ ಸಂಪುಟಗಳನ್ನು ತೆಗೆದು, ತಮ್ಮ ಶಾಲೆಯ ಸುತ್ತಣ ಹಳ್ಳಿಗಳಲ್ಲಿ ಯಾವ ಕಲ್ಲುಗಳಿವೆಯೆಂದು ಮುಖ್ಯೋಪಾಧ್ಯಾಯರು ಈಗಲೇ ಪಟ್ಟಿ ಮಾಡಲಿ. ನವೆಂಬರಿಗೆ ಬರುವಂತೆ ಮ್ಯೂಸಿಯಂಗೆ ಕಾಗದ ಬರೆಯಲಿ. ಬರೆಯದಿದ್ದರೆ ಪೋಷಕರಾದ ನೀವೇ ಹೋಗಿ ಕೇಳಿ.